ಮದುಮಗಳ ರಟ್ಟೆ ಹಿಡಿದ ಕೈ

ತವರಿಗೆ ಓಡಿಬಂದ ಕುಮುದಿನಿಯನ್ನು ಮೂರನೆಯ ಸಲ ಗಂಡನ ಮನೆಗೆ ಬಿಟ್ಟು ಬಂದವರು ಅವಳ ಸೋದರಮಾವ ಡೊಂಬಯ್ಯ ಗೌಡರು. ಬೆನ್ನಿನ ಸುಟ್ಟ ಗಾಯ ಇನ್ನೂ ಮಾಗಿರಲಿಲ್ಲ. ಹದಿನೆಂಟನೆಯ ದಿನ ಅವಳ ಹೆಣ ಬಂತು.

ಎರಡು ವರ್ಷದ ಮೇಲೆ ಅವಳ ತಂಗಿ ಭವಿತಾ ಅದನ್ನು ಚಿತ್ರವಾಗಿ ಬರೆದಳು. ಪುತ್ತೂರಿನ ಒಂದು ಸಭಾಭವನದಲ್ಲಿ ನಾಲ್ವರು ಹೆಂಗಸರ ಚಿತ್ರ ಪ್ರದರ್ಶನ. ಗೋಡೆಯ ಮೇಲೆ ಇದ್ದುದೆಲ್ಲ ಅಜ್ಜಿಕತೆಗಳೇ, ಆದರೆ ಮಕ್ಕಳನ್ನು ಮಲಗಿಸುವಂಥವಲ್ಲ. ಕೋಡಿಂಬಾಳದ ನೆಬೀಸ ಬರೆದ ರಾಜಕುಮಾರಿಗೆ ಮೈತುಂಬ ರಬ್ಬರ್ ಮರಕ್ಕೆ ಹಾಲಿಳಿಸಲು ಹಾಕುವಂಥ ಗೀರುಗಳು; ಸೊಂಟಕ್ಕೆ ಕಟ್ಟಿದ ತೆಂಗಿನ ಗೆರಟೆಗೆ ಹಾಲು ತೊಟ್ಟಿಕ್ಕುತ್ತಿತ್ತು. ಭವಿತಾಳದ್ದು ಹುಲಿಯ ಮದುವೆ. ಬಾಸಿಂಗ ಕಟ್ಟಿಕೊಂಡ ಹುಲಿ ಮಂಟಪದಲ್ಲಿ ಕಾಯುತ್ತಿದೆ. ಮದುಮಗಳನ್ನು ಮಂಟಪಕ್ಕೆ ಕರೆತರುವುದು ಸೋದರಮಾವನ ಹಕ್ಕು. ಹಾಗಾಗಿ ಅವಳ ರಟ್ಟೆ ಹಿಡಿದ ಒಂದು ಕೈ. ಮುಖವಿಲ್ಲ, ಮೈಯಿಲ್ಲ. ಆ ಕೈಯ ಹೆಬ್ಬೆರಳು ಅರ್ಧವೇ.

ಅಡಿಕೆ ಸುಲಿಯುವ ಕತ್ತಿಗೆ ಡೊಂಬಯ್ಯ ಗೌಡರ ಹೆಬ್ಬೆರಳು ಅರ್ಧ ಹೋದದ್ದು ಅವರ ಊರಾದ ಐವರ್ನಾಡಿನಲ್ಲಿ ಎಲ್ಲರಿಗೂ ಗೊತ್ತು. ಸಭಾಭವನದ ಅಧ್ಯಕ್ಷರೂ ಅವರೇ. ಉದ್ಘಾಟನೆಯ ದೀಪ ಹಚ್ಚಲು ಬಂದವರು ಆ ಚಿತ್ರದ ಮುಂದೆ ನಿಂತರು. ಬಲಗೈ ಪಂಚೆಯ ಮಡಿಕೆಯೊಳಗೆ ಹೋಯಿತು.

"ಇದು ಎಂತ?"

"ಅಜ್ಜಿಕತೆ, ಮಾವ."

"ನನ್ನ ಅಮ್ಮ ಹೇಳ್ತಿದ್ದ ಕತೆಯಲ್ಲಿ ಕೈ ಇರ್ಲಿಲ್ಲ."

"ಇರ್ಲಿಲ್ಲ. ಹುಲಿ ಮಾತ್ರ ಇತ್ತು. ಹುಡುಗಿ ತಾನೇ ನಡ್ಕೊಂಡು ಹೋದದ್ದು ಅಂತ ನಾವು ತಿಳ್ಕೊಂಡಿದ್ದೆವು."

"ನಾನು ಎಂತ ಮಾಡ್ಬೇಕಿತ್ತು? ಅವಳನ್ನು ಮನೆಯಲ್ಲಿ ಕೂರಿಸಿ ಊರಿನವರ ಬಾಯಿಗೆ ಕೊಡ್ಬೇಕಿತ್ತಾ?"

"ಯಾರ ಬಾಯಿಗೆ ಕೊಟ್ಟದ್ದು ಅಂತ ಅಲ್ಲಿ ಉಂಟಲ್ಲ, ನೋಡಿ."

ಅವರು ಪ್ರದರ್ಶನ ಏರ್ಪಡಿಸಿದ ಗಾನಶ್ರೀಯ ಕಡೆ ತಿರುಗಿದರು. "ಹಾಲ್‌ನ ಕೀ ನನ್ನ ಹತ್ರ ಉಂಟು. ಆ ಬೆರಳು ಪೂರ್ತಿ ಆಗ್ಬೇಕು. ಇಲ್ಲದಿದ್ರೆ ನಾಲ್ಕೂ ಜನ ಗಂಟು ಕಟ್ಟಿ."

ಗಾನಶ್ರೀ ಬ್ರಶ್ ಹುಡುಕಿ ತಂದಳು. "ಒಂದು ಉಗುರು ಬರೆದ್ರೆ ಆಯ್ತಲ್ಲ ಮಾರಾಯ್ತಿ. ಹುಲಿ ಇರ್ತದೆ, ಕೈ ಇರ್ತದೆ. ಉಳಿದ ಮೂವರ ಕೆಲಸ ನಿನ್ನ ಒಂದು ಬೆರಳಿಗೆ ಹಾಳಾಗ್ಬೇಕಾ?"

ಹುಲಿಯ ಹಲ್ಲಿನ ಬಗ್ಗೆ ಯಾರೂ ಮಾತಾಡಲಿಲ್ಲ. ಹೆಣ್ಣನ್ನು ತಿನ್ನುವ ಮೃಗವನ್ನು ಗೋಡೆಗೆ ತೂಗುಹಾಕಿದರೆ ಯಾರಿಗೂ ತಕರಾರಿಲ್ಲ; ಅವಳನ್ನು ಅಲ್ಲಿಗೆ ಕರೆದೊಯ್ದವನ ಗುರುತು ಮಾತ್ರ ಸಿಗಬಾರದು.

ಭವಿತಾ ನೆಬೀಸಳ ಕಡೆ ನೋಡಿದಳು. ನೆಬೀಸ ತನ್ನ ರಾಜಕುಮಾರಿಯನ್ನು ಆಗಲೇ ಮೊಳೆಯಿಂದ ಇಳಿಸುತ್ತಿದ್ದಳು.

"ನನ್ನ ಮುಖ ಎಂತ ನೋಡುದು? ನಾನು ರಿಕ್ಷಾಕ್ಕೆ ಫೋನ್ ಮಾಡಿ ಆಯ್ತು."

ಗಾನಶ್ರೀ ಬ್ರಶ್ ಚಾಚಿಯೇ ನಿಂತಿದ್ದಳು.

"ಬ್ರಶ್ ತಗೋ, ಉಗುರು ಬರಿ," ಎಂದರು ಡೊಂಬಯ್ಯ ಗೌಡರು. "ಮಾವ ಹೇಳ್ತಾ ಇದ್ದೇನೆ."

"ಬರೆಯುದಿಲ್ಲ," ಎಂದಳು ಭವಿತಾ.