ಸಾರಿನೊಳಗಿನ ಬಿಳಿ ಬಾಲ

ಅಡರಕಟ್ಟಿ ದಾಟಿದ ಮೇಲೆ ಸಿಗುವ ಆ ಊರಿನ ಶಾಲೆಗೆ ಡಿಜಿಟಲ್ ಸೂಕ್ಷ್ಮದರ್ಶಕ ಬಂದಿದ್ದೇ ಬಂದಿದ್ದು, ನಲಿಕಲಿ ತರಗತಿಯ ಮಕ್ಕಳ ಕಿಸೆಗಳೆಲ್ಲ ತುಂಬಿಹೋದವು. ಉಪ್ಪಿನ ಹರಳು, ಉಳ್ಳಾಗಡ್ಡಿ ಸಿಪ್ಪೆ, ಸತ್ತ ನೊಣ, ಒಬ್ಬನಂತೂ ಅಜ್ಜನ ಮೀಸೆಯ ಕೂದಲನ್ನೇ ಕಿತ್ತು ತಂದಿದ್ದ! ಬೆರಳುದ್ದದ ಆ ಯಂತ್ರವನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ ವಸ್ತುವಿನ ಮೇಲೆ ಹಿಡಿದರೆ ಪರದೆಯ ತುಂಬ ಅದೇ ಕಾಣುತ್ತಿತ್ತು. ಬೆಟಗೇರಿಯಿಂದ ದಿನಾ ಬಸ್ಸಿನಲ್ಲಿ ಬರುವ ಶಿಕ್ಷಕಿ ನೇತ್ರಾ ಮಕ್ಕಳಿಗೆ ಒಂದೇ ಒಂದು ನಿಯಮ ಹಾಕಿದ್ದಳು: “ಮೊದ್ಲ ಕಣ್ಣಿಗೆ ಕಂಡದ್ದು ಹೇಳ್ರಿ. ಅದು ಏನಂತ ಆಮ್ಯಾಲೆ.”

ಆ ನಿಯಮ ಮುರಿದವಳು ಅವಳೇ.

ಬುಧವಾರ ಬಿಸಿಯೂಟದ ಹೊತ್ತಿಗೆ ಆರು ವರ್ಷದ ಆಯೇಶಾ ಹೆಸರುಕಾಳಿನ ಸಾರಿನಿಂದ ಏನನ್ನೋ ಬೆರಳ ತುದಿಯಲ್ಲಿ ತಂದು ಯಂತ್ರದ ಕೆಳಗಿಟ್ಟಳು. ಪರದೆಯ ಮೇಲೆ ಬೆಳ್ಳಗೆ, ಡೊಂಕಾಗಿ, ಒಂದು ತುದಿ ಚೂಪಾಗಿ ಏನೋ ಮಲಗಿತ್ತು.

“ಇದೇನ್ರಿ ಅಕ್ಕೋರ?”

“ಅಯ್ಯಯ್ಯ, ಹುಳ!” ಎಂದುಬಿಟ್ಟಳು ನೇತ್ರಾ.

ಮೂವತ್ತು ತಟ್ಟೆಗಳು ಒಮ್ಮೆಲೇ ನೆಲಕ್ಕಿಳಿದವು. ಅಡುಗೆಯ ಹನಮಂತವ್ವ ಸೌಟು ಹಿಡಿದೇ ಓಡಿಬಂದಳು. “ಹುಳ ಅಲ್ಲರಿ ಅದು! ಹನ್ನೊಂದು ವರ್ಷ ಆತು, ಕಾಳು ಹಸನ ಮಾಡದ ಒಲಿ ಮ್ಯಾಲೆ ಇಟ್ಟಾಕಿ ಅಲ್ಲ ನಾನು.” ಆದರೆ ಅಷ್ಟು ದೊಡ್ಡದಾಗಿ ಕಂಡ ಮೇಲೆ ಅವಳ ಮಾತು ಕೇಳುವವರು ಯಾರು? ಸಂಜೆಯೊಳಗೆ ಖಬರು ಊರೆಲ್ಲ ಹಬ್ಬಿತು. ಶಾಲಾ ಸಮಿತಿಯ ಅಧ್ಯಕ್ಷ ನೀಲಪ್ಪ ಬಂದವನೇ, “ಅಕ್ಕೋರ ಹೇಳ್ಯಾರಂದ್ರ ಮುಗೀತು. ನಾಳೆನೂ ಮಕ್ಕಳು ಉಣ್ಣಲಿಲ್ಲಂದ್ರ ಅಡಿಗಿಗೆ ಬ್ಯಾರೆದಾಕಿನ್ನ ನೋಡೂಣು” ಎಂದು ಹೋದ.

ಮರುದಿನ ಬೆಳಿಗ್ಗೆ ನೇತ್ರಾ ಬಾಗಿಲು ತೆಗೆಯುವಷ್ಟರಲ್ಲಿ ಹನಮಂತವ್ವ ಕಟ್ಟೆಯ ಮೇಲೆ ಕುಂತಿದ್ದಳು. ಕೈಯಲ್ಲಿ ಹಸಿ ಬಟ್ಟೆಯ ಗಂಟು.

“ನಿನ್ನಿ ನೆನಿ ಹಾಕಿದ್ದೆ. ಇದನ್ನೂ ನೋಡ್ರಿ ನಿಮ್ಮ ಯಂತ್ರದಾಗ.”

ನೆನೆದ ಹೆಸರುಕಾಳಿನ ಸಿಪ್ಪೆ ಸುಲಿದು, ಬೇಳೆ ಬಿಡಿಸಿ ಇಟ್ಟಳು. ಪರದೆಯ ಮೇಲೆ ಅದೇ ಬೆಳ್ಳಗಿನ ಡೊಂಕು, ಅದೇ ಚೂಪು ತುದಿ. ಕಾಳಿಗೆ ಅಂಟಿಕೊಂಡೇ ಇತ್ತು. ಮೊಳಕೆ! ಬೇಯುವಾಗ ಕಳಚಿ ಸಾರಿನಲ್ಲಿ ತೇಲುತ್ತದೆ, ಅಷ್ಟೇ. ಹೆಸರು ಬೆಳೆದೇ ಬದುಕುವ ನೀಲಪ್ಪ ಒಂದು ಸಲ ನೋಡಿದ್ದರೆ ಅವನಿಗೂ ಗೊತ್ತಾಗುತ್ತಿತ್ತು. ನೋಡಿದರೆ ತಾನೇ! ಅವನು ಕೇಳಿದ್ದು ಯಾರು ಹೇಳಿದರು ಎಂಬುದನ್ನಷ್ಟೇ.

ನೇತ್ರಾಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಹೆಡ್‌ಮಾಸ್ತರರು ಅವಳನ್ನು ಪಕ್ಕಕ್ಕೆ ಕರೆದು, “ನೀಲಪ್ಪಗ ನಾ ಹೇಳತೀನಿ. ಮಕ್ಕಳ ಮುಂದ ತಪ್ಪು ಒಪ್ಪಬ್ಯಾಡ್ರಿ, ನಾಳೆ ನಿಮ್ಮ ಮಾತಿಗೆ ಕಿಮ್ಮತ್ತು ಉಳಿಯಂಗಿಲ್ಲ” ಎಂದರು. ಹೌದಲ್ಲ ಎಂದು ಒಂದು ಗಳಿಗೆ ಅವಳಿಗೂ ಅನಿಸಿತು. ಆದರೆ ನಿನ್ನೆ ಆ ತಟ್ಟೆಗಳನ್ನು ಕೆಳಗಿಳಿಸಿದ್ದೂ ಅದೇ ಕಿಮ್ಮತ್ತು.

ಮಧ್ಯಾಹ್ನ ಹನಮಂತವ್ವ ಹಟಕ್ಕೆ ಬಿದ್ದು ಅದೇ ಹೆಸರುಕಾಳಿನ ಸಾರು ಮಾಡಿದ್ದಳು. ನೀಲಪ್ಪ ಕಂಬಕ್ಕೆ ಒರಗಿ ನಿಂತಿದ್ದ. ಸಾಲಾಗಿ ಕುಂತ ಮಕ್ಕಳು ತಟ್ಟೆ ಮುಟ್ಟಲಿಲ್ಲ. ನೇತ್ರಾ ಎಲ್ಲರೆದುರು ನಿಂತಳು.

“ನಿನ್ನಿ ನಾ ಹುಳ ಅಂದೆ. ಅದು ಸುಳ್ಳು. ನಾ ಸರಿಯಾಗಿ ನೋಡಲೇ ಇಲ್ಲ. ಹನಮಂತವ್ವಾರ, ನಂದು ತಪ್ಪಾತ್ರಿ.”

ಹನಮಂತವ್ವ ಒಲೆಯ ಕಡೆಗೆ ನಡೆದಳು. ಅವಳ ಸಿಟ್ಟು ಇಳಿದಿರಲಿಲ್ಲ, ಇಳಿಯಬೇಕೂ ಇರಲಿಲ್ಲ. ನೀಲಪ್ಪ ನೆಲ ನೋಡಿದ. ಆದರೂ ಒಂದು ಕೈಯೂ ತಟ್ಟೆಗೆ ಹೋಗಲಿಲ್ಲ. ನೇತ್ರಾಗೆ ಅಳು ಬರುವುದೊಂದೇ ಬಾಕಿ.

ಆಗ ಆಯೇಶಾ ಸಾರಿನೊಳಗೆ ಬೆರಳಾಡಿಸಿ ಒಂದು ಬಿಳಿ ಬಾಲವನ್ನು ಎತ್ತಿ ಕಣ್ಣ ಹತ್ತಿರ ಹಿಡಿದಳು.

“ಬೆಳ್ಳಗೈತಿ. ಡೊಂಕ ಐತಿ. ಕಾಲಿಲ್ಲ, ಕಣ್ಣಿಲ್ಲ,” ಎಂದು ಒಂದೊಂದಾಗಿ ಹೇಳಿ ಮುಗಿಸಿ ತಲೆ ಎತ್ತಿದಳು. “ಈಗ ಏನಂತ ಹೇಳ್ರಿ ಅಕ್ಕೋರ.”

“ನನ್ನ ಕೇಳಬ್ಯಾಡ,” ಎಂದಳು ನೇತ್ರಾ. “ಹನಮಂತವ್ವಾರನ್ನ ಕೇಳು.”

ಇಡೀ ಸಾಲು ಒಲೆಯ ಕಡೆಗೆ ತಿರುಗಿತು. ಹನಮಂತವ್ವ ಸೆರಗಿಗೆ ಕೈ ಒರೆಸಿಕೊಂಡು ಬಂದು ಹುಡುಗಿಯ ಮುಂದೆ ಕುಂತಳು.

“ಮೊಳಕಿ, ನನ್ನವ್ವಾ,” ಎಂದಳು. “ತಿನ್ನು.”

ಆಯೇಶಾ ತಿಂದಳು.