ನಡುಮನೆಯ ಒಲೆ

ಉತ್ತರದ ಪ್ಲಿಮತ್‌ನ ಹಿಮದಲ್ಲಿ ವರ್ಷಗಟ್ಟಲೆ ನಡುಗಿ ಬಂದಿದ್ದ ಓಬಡಯನಿಗೆ ದಕ್ಷಿಣದ ವರ್ಜೀನಿಯಾದಲ್ಲೂ ಚಳಿಯದೇ ಭಯ. ನದಿಯ ದಡದಲ್ಲಿ ಹೊಸ ಮನೆ ಕಟ್ಟುವಾಗ, ಅಲ್ಲಿಯಂತೆಯೇ ದೊಡ್ಡ ಇಟ್ಟಿಗೆಯ ಒಲೆಯನ್ನು ಮನೆಯ ನಟ್ಟನಡುವೆ ಎಬ್ಬಿಸಿದ.

"ಒಲೆನ ಹೊರಗೋಡೆಗೆ ಹಾಕಪ್ಪ. ಈ ಊರ ಬೇಸಿಗೆ ನೀನಿನ್ನೂ ಕಂಡಿಲ್ಲ," ಎಂದಳು ಪಕ್ಕದ ಹೊಲದ ಮುದುಕಿ ಆಗ್ನಿಸ್.

"ಮನೆ ಕಟ್ಟೋದು ನನಗೆ ಹೇಳ್ಕೊಡೋಕೆ ಬರಬೇಡಿ," ಎಂದ ಓಬಡಯ.

ಗಂಡನಿಗೆ ಬುದ್ಧಿ ಹೇಳುವ ಕೆಲಸವನ್ನು ಅವನ ಹೆಂಡತಿ ಟ್ಯಾಮ್ಸಿನ್ ಬಿಸಿಲಿಗೆ ಬಿಟ್ಟಿದ್ದಳು.

ಜೂನ್‌ನಲ್ಲಿ ಬಿಸಿಲು ಬಂತು. ಸಂಜೆ ಮೆಕ್ಕೆಜೋಳದ ಗಂಜಿ ಕುದಿಸಿದರೆ ಇಟ್ಟಿಗೆ ಬೆಳಗಿನವರೆಗೂ ಕಾದಿರುತ್ತಿತ್ತು. ಅದರ ಮೇಲೆ ಜೌಗಿನ ಸೆಕೆ ಬೇರೆ. ಟ್ಯಾಮ್ಸಿನ್ ಹಾಸಿಗೆಯನ್ನು ಹಿಪ್ಪುನೇರಳೆ ಮರದಡಿಗೆ ಸಾಗಿಸಿದಳು, ಆಮೇಲೆ ಮೇಜನ್ನೂ. ವಾರದೊಳಗೆ ಓಬಡಯನೂ ದಿಂಬು ಕಂಕುಳಲ್ಲಿಟ್ಟುಕೊಂಡು ಹಿಂದೆಯೇ ಬಂದ.

ಒಂದು ಸಂಜೆ ಆಗ್ನಿಸ್ ಬಂದು ಮನೆಯತ್ತ ಕತ್ತು ಚಾಚಿದಳು. "ಒಳಗೆ ಯಾರಿದಾರೆ?"

"ಒಲೆ ಇದೆ, ಆರಾಮಾಗಿದೆ," ಎಂದಳು ಟ್ಯಾಮ್ಸಿನ್.

ಓಬಡಯನಿಗೆ ಸಿಟ್ಟು ನೆತ್ತಿಗೇರಿತು. ಮರುದಿನವೇ ಮರದ ಪಕ್ಕದಲ್ಲಿ ಕಂಬ ನೆಟ್ಟು, ಒಲೆಯಿಲ್ಲದ, ಗಾಳಿಯಾಡುವ ಕೋಣೆಯೊಂದನ್ನು ಕಟ್ಟತೊಡಗಿದ.

"ಮೊದಲಿಂದ್ಲೂ ನನ್ನ ಲೆಕ್ಕಾಚಾರ ಇದೇ," ಎಂದ. "ಅದು ಅಡುಗೆಮನೆ, ಇದು ನಾವಿರೋ ಮನೆ."

"ಹೌದೌದು," ಎನ್ನುತ್ತ ಟ್ಯಾಮ್ಸಿನ್ ಮೊಳೆ ಎತ್ತಿಕೊಟ್ಟಳು. "ಅಲ್ಲಾರೀ, ಡಿಸೆಂಬರ್‌ನಲ್ಲಿ ಹಾಸಿಗೆ ಹೊತ್ಕೊಂಡು ವಾಪಸ್ ಅಡುಗೆಮನೆಗೆ ಓಡೋದೂ ಆ ಲೆಕ್ಕಾಚಾರದಲ್ಲಿ ಇದೆಯಾ?"