ತಲೇಲಿ ಏನೂ ಇಲ್ಲ

"ತಲೇಲಿ ಏನೂ ಇಲ್ಲ ಅಂತ ಡಾಕ್ಟ್ರೇ ಹೇಳವ್ರೆ. ಮದ್ವೆಯಾದಾಗಿಂದ ನಾನೂ ಅದನ್ನೇ ಹೇಳ್ತಿದ್ದೆ ಕಣ್ರೀ" ಅಂತ ಕೆಸರೆಯ ಪ್ರೇಮಲೀಲಾ ಬೀದಿಯವರನ್ನೆಲ್ಲ ನಗಿಸಿದ್ದರು. ಗಂಡ ಮಹದೇವಪ್ಪ ವೈರಿಂಗ್ ಕೆಲಸದವರು. ಹೋದ ವಾರ ಸ್ಕೂಟರಿಂದ ಬಿದ್ದು ತಲೆಗೆ ಪೆಟ್ಟಾಗಿತ್ತು. ಆಸ್ಪತ್ರೇಲಿ ಸಿ.ಟಿ. ಸ್ಕ್ಯಾನ್ ಮಾಡಿ, ರಕ್ತಸ್ರಾವ ಇಲ್ಲ, ಮೂಳೆ ಮುರಿದಿಲ್ಲ ಅಂದರು.

ಅಲ್ಲಿಗೆ ಮುಗೀತು ಅಂದ್ಕೊಂಡರೆ ಎಲ್ಲಿ ಮುಗೀತು? ದೀಪ ಹಾಕೋದೇ ಕಸುಬಾದ ಮಹರಾಯರಿಗೆ ಈಗ ಬೆಳಕು ಕಂಡರೆ ಆಗದು. ಕುಕ್ಕರ್ ಕೂಗಿದರೆ ಸಿಡಿಮಿಡಿ. ಹೇಳಿದ್ದು ಆಗಲೇ ಮರೆವು. ನಾಳೆಯಿಂದ ದಸರಾ ದೀಪ ಕಟ್ಟೋಕೆ ಕಂಬ ಹತ್ತಬೇಕು. "ಸೋಮಾರಿತನ, ಇನ್ನೇನು" ಅಂತ ಪ್ರೇಮಲೀಲಾ ರೇಗಿಸಿದರು.

ಮರುದಿನ ಬೆಳಿಗ್ಗೆ ಮಹದೇವಪ್ಪ ಅಡುಗೆಮನೆ ಸ್ವಿಚ್ಚು ಬಿಚ್ಚುತ್ತಿದ್ದರು. ಪಕ್ಕದಲ್ಲೇ ಫ್ರಿಜ್ಜು ಗುಂಯ್ ಅಂತಿತ್ತು. ಅಂದರೆ ಮೇನ್ ಆಫ್ ಆಗಿಲ್ಲ. ಪ್ರೇಮಲೀಲಾ ಅದನ್ನ ನೋಡಿಬಿಟ್ಟರು. ಬಲ್ಬು ಬದಲಿಸೋಕೂ "ಮೇನ್ ಆಫ್ ಮಾಡಿದ್ಯಾ ಲೀಲಾ" ಅಂತ ಕೇಳೋ ಮನುಷ್ಯ ಇವರು. ಓಡಿಹೋಗಿ ಮೇನ್ ಆಫ್ ಮಾಡಿ, ಪಕ್ಕದ ಮನೆ ಅಕ್ಷತಾಳನ್ನು ಕರೆತಂದರು. ಅವಳು ಆಸ್ಪತ್ರೆಯೊಂದರ ಎಂ.ಆರ್.ಐ. ವಿಭಾಗದಲ್ಲಿ ಕೆಲಸ ಮಾಡುತ್ತಾಳೆ.

"ಏನೂ ಇಲ್ಲ ಅಂದ್ರಲ್ಲ ಕಣಮ್ಮ, ಮತ್ತೆ ಇದೇನು?"

ಅಕ್ಷತಾ ಮಹದೇವಪ್ಪನ ಕಡೆ ತಿರುಗಿದಳು. "ಅಣ್ಣ, ಗೋಡೆ ಬಿರುಕು ಬಿಟ್ಟಿಲ್ಲ ಅಂದ್ರೆ ಒಳಗಿನ ವೈರೆಲ್ಲ ಸರಿ ಇದೆ ಅಂತೀರಾ?"

"ಅದೆಂಗಾಯ್ತದೆ" ಅಂದರು ಮಹದೇವಪ್ಪ.

"ಮಿದುಳೂ ಅಷ್ಟೇ. ಆ ಸ್ಕ್ಯಾನ್ ನೋಡಿದ್ದು ಗೋಡೆ. ಒಳಗಿನ ನರದ ಎಳೆಗಳು ನೊಂದಿದ್ರೆ ಅದಕ್ಕೆ ಕಾಣ್ದೇ ಇರಬಹುದು. ಎಳೆಗಳನ್ನ ನೋಡೋ ಹೊಸ ಥರದ ಎಂ.ಆರ್.ಐ. ಬಗ್ಗೆ ನಮ್ಮಲ್ಲಿ ಅಧ್ಯಯನ ನಡೀತಿದೆ. ಇನ್ನೂ ಕಲಿಯೋ ಹಂತ, ನಿಮ್ಮ ಪೆಟ್ಟು ಕಂಡೇ ಕಾಣುತ್ತೆ ಅನ್ನೋ ಹಾಗಿಲ್ಲ. ಸೇರೋದು ಬಿಡೋದು ನಿಮ್ಮಿಷ್ಟ. ಆದ್ರೆ ಇವತ್ತೇ ಡಾಕ್ಟ್ರಿಗೆ ತೋರಿಸಿ. ಅವರು ಹೇಳೋವರೆಗೂ ಕಂಬ ಬೇಡ, ಸ್ಕೂಟರೂ ಬೇಡ. ಬಹಳ ಜನಕ್ಕೆ ಕೆಲವು ವಾರದಲ್ಲಿ ವಾಸಿಯಾಗುತ್ತೆ."

"ದಸರಾ ದೀಪ?" ಅಂದರು ಮಹದೇವಪ್ಪ.

"ಅದನ್ನ ಬೇರೆಯವರು ಕಟ್ತಾರೆ ಬುಡಿ. ನನಗೆ ನೀವೊಬ್ಬರೇ ಇರೋದು" ಅಂದರು ಪ್ರೇಮಲೀಲಾ. ಆಟೋ ಹತ್ತುವಾಗ ಬೀದಿಯವರು ವಿಚಾರಿಸಿದರು. "ತಲೇಲಿ ಏನೋ ಇದೆ ಕಣ್ರೀ, ನನಗೇ ಗೊತ್ತಾಗ್ಲಿಲ್ಲ" ಅಂದು ಗಂಡನ ಕೈ ಹಿಡಿದು ಕೂತರು.

ಕೇಳಿದಿರಲ್ಲ? ತಲೆಗೆ ಪೆಟ್ಟಾದವರಿಗೆ ತಲೆನೋವು, ಮರೆವು, ಸಿಡುಕು, ತಲೆಸುತ್ತು ಕಂಡರೆ ಸೋಮಾರಿ ಅನ್ನಬೇಡಿ, ವೈದ್ಯರಿಗೆ ತೋರಿಸಿ. ಪದೇ ಪದೇ ವಾಂತಿ, ಫಿಟ್ಸ್, ಹೆಚ್ಚುತ್ತಲೇ ಹೋಗುವ ತಲೆನೋವು, ಎಬ್ಬಿಸಿದರೂ ಹೋಗದ ಮಂಪರು ಕಂಡರೆ ತಡಮಾಡದೆ ಆಸ್ಪತ್ರೆಗೆ ಓಡಿ. ಪೆಟ್ಟು ತಿಂದ ತಲೆಗೆ ವಿಶ್ರಾಂತಿಯೂ ಬೇಕು, ನೋವಿದೆ ಅಂದರೆ ನಂಬುವ ಮನೆಯವರೂ ಬೇಕು.